ಹರೆಯದ ಗೀಳಿಗೆ ಮಿದುಳಿನ ಪ್ರಚೋದನೆ: ಆತುರವೂ ಬೇಡ, ಅಸಡ್ಡೆಯೂ ಬೇಡ

ಪರೀಕ್ಷೆ ಹತ್ತಿರ ಬಂದಿದೆ. ರಾತ್ರಿ ಹನ್ನೊಂದಾದರೂ ಬಚ್ಚಲುಮನೆಯ ನಲ್ಲಿ ನಿಂತಿಲ್ಲ. ಒಳಗಿರುವ ಹುಡುಗ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ. ಕೈ ತೊಳೆದು ಮುಗಿಸಿ ನಲ್ಲಿ ತಿರುಗಿಸುವಷ್ಟರಲ್ಲಿ, ಅದನ್ನು ಮುಟ್ಟಿದ್ದರಿಂದಲೇ ಕೈ ಮತ್ತೆ ಕೊಳೆಯಾಯಿತೆಂಬ ಅಳುಕು ಹುಟ್ಟುತ್ತದೆ. ಮತ್ತೆ ಮೊದಲಿನಿಂದ ಆರಂಭ. ಅಂಗೈ ಚರ್ಮ ಬಿರಿದು ರಕ್ತ ಜಿನುಗುತ್ತಿದೆ. ಬಾಗಿಲ ಹೊರಗೆ ನಿಂತ ತಾಯಿ ಮೊದಲು ಗದರಿಸಿದ್ದಾರೆ, ಬಳಿಕ ಬೇಡಿಕೊಂಡಿದ್ದಾರೆ, ಈಗ ಮೌನವಾಗಿದ್ದಾರೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಗೀಳು ಮನೋರೋಗಕ್ಕೆ ತುತ್ತಾದ ಮಕ್ಕಳ ಹೆತ್ತವರು ವೈದ್ಯರ ಮುಂದೆ ಕುಳಿತು ಒಂದಲ್ಲ ಒಂದು ಬಗೆಯಲ್ಲಿ ಬಿಡಿಸಿಡುವ ಚಿತ್ರ.

ಇಂಥ ಹೆತ್ತವರ ಬಾಯಲ್ಲಿ ಈಗ ಹೊಸ ಪ್ರಶ್ನೆಯೊಂದು ಕೇಳಿಬರುತ್ತಿದೆ: ‘ಡಾಕ್ಟ್ರೇ, ತಲೆಗೆ ಅದೇನೋ ಮೆಷಿನ್ ಇಟ್ಟು ವಾಸಿ ಮಾಡ್ತಾರಂತಲ್ಲ, ನಮ್ಮ ಮಗನಿಗೂ ಮಾಡಿಸಬಹುದೇ?’ ಪ್ರಶ್ನೆಯ ಹಿಂದೆ ದಣಿವಿದೆ, ಆಸೆಯಿದೆ. ಮಿದುಳನ್ನು ಅಯಸ್ಕಾಂತದಿಂದಲೋ ವಿದ್ಯುತ್ತಿನಿಂದಲೋ ಪ್ರಚೋದಿಸಿ ಗೀಳನ್ನು ತಗ್ಗಿಸುವ ವಿಧಾನಗಳು ನಿಜವಾಗಿಯೂ ಇವೆ. ಅವು ಮಾಟಮಂತ್ರವಲ್ಲ, ವಿಜ್ಞಾನದ ಫಲ. ಆದರೆ ದೊಡ್ಡವರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವನ್ನು ಹದಿನೈದರ ಹುಡುಗನಿಗೆ ಹಾಗೆಯೇ ಅನ್ವಯಿಸಬಹುದೇ? ಅದಕ್ಕೂ ಮೊದಲು ಆ ಹುಡುಗನಿಗೆ ಸಿಗಬೇಕಾದ ಸರಳ ಚಿಕಿತ್ಸೆ ಸಿಕ್ಕಿದೆಯೇ? ಈ ಎರಡು ಪ್ರಶ್ನೆಗಳನ್ನು ದಾಟಿ ಯಂತ್ರದ ಕೋಣೆಗೆ ಹೋಗುವುದು ಅಪಾಯಕರ.

ಮಡಿಯಲ್ಲ, ಹಟವೂ ಅಲ್ಲ

ಒಸಿಡಿ ಎಂದು ಈಗ ಎಲ್ಲರ ಬಾಯಲ್ಲೂ ಓಡಾಡುವ ಈ ಕಾಯಿಲೆಗೆ ಎರಡು ಮುಖಗಳಿವೆ. ಬೇಡವೆಂದರೂ ಮತ್ತೆ ಮತ್ತೆ ನುಗ್ಗಿಬರುವ ಯೋಚನೆ ಒಂದು. ಆ ಯೋಚನೆ ತರುವ ತಳಮಳವನ್ನು ಅಡಗಿಸಲು ಮಾಡಲೇಬೇಕಾಗುವ ಕ್ರಿಯೆ ಇನ್ನೊಂದು. ಕೊಳೆಯ ಭಯ ಮತ್ತು ತೊಳೆಯುವಿಕೆ ಎಲ್ಲರಿಗೂ ಗೊತ್ತಿರುವ ರೂಪ. ಗೊತ್ತಿಲ್ಲದ ರೂಪಗಳು ಇನ್ನೂ ಹೆಚ್ಚು ಹಿಂಸೆ ಕೊಡುತ್ತವೆ. ದೇವರ ಬಗ್ಗೆ ಅಶ್ಲೀಲ ಯೋಚನೆ ಬಂತೆಂದು ನೂರು ಸಲ ಕ್ಷಮೆ ಕೇಳುವ ಹುಡುಗಿ, ಅಮ್ಮನಿಗೆ ತಾನೇ ಏನಾದರೂ ಮಾಡಿಬಿಡುತ್ತೇನೇನೋ ಎಂದು ಚಾಕುವಿನಿಂದ ದೂರ ಸರಿಯುವ ಹುಡುಗ, ಒಂದೇ ಸಾಲನ್ನು ‘ಸರಿಯೆನಿಸುವ’ವರೆಗೆ ಓದುತ್ತಾ ಪುಟ ತಿರುಗಿಸಲಾಗದ ವಿದ್ಯಾರ್ಥಿ, ಇವರೆಲ್ಲರದೂ ಇದೇ ಕಾಯಿಲೆ. ಇಂಥ ಯೋಚನೆಗಳನ್ನು ಮಕ್ಕಳು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಹಾಗಾಗಿ ರೋಗ ಆರಂಭವಾಗಿ ವರ್ಷಗಳೇ ಕಳೆದ ಮೇಲೆ ಮನೆಯವರ ಗಮನಕ್ಕೆ ಬರುವುದುಂಟು.

ನಮ್ಮ ಮನೆಗಳಲ್ಲಿ ಈ ರೋಗ ಅಡಗಿಕೊಳ್ಳಲು ಇನ್ನೂ ಒಂದು ಮರೆ ಇದೆ. ಮಡಿ, ಮೈಲಿಗೆ, ಶುಚಿ, ಶಿಸ್ತು ಇವು ಗುಣಗಳೆಂದು ಎಣಿಸಲ್ಪಡುವ ಮನೆಯಲ್ಲಿ ಅತಿಯಾಗಿ ತೊಳೆಯುವ ಮಗು ಮೊದಮೊದಲು ಶಹಭಾಸ್ ಎನಿಸಿಕೊಳ್ಳುತ್ತದೆ. ಮಡಿ ಮಾಡುವ ಅಜ್ಜಿಗೆ ಸ್ನಾನ ಮುಗಿದೊಡನೆ ಸಮಾಧಾನ ಸಿಗುತ್ತದೆ; ಗೀಳು ಹಿಡಿದ ಮೊಮ್ಮಗನಿಗೆ ಆ ಸಮಾಧಾನ ಎಂದೂ ಸಿಗುವುದಿಲ್ಲ. ಆಚಾರಕ್ಕೂ ರೋಗಕ್ಕೂ ಇರುವ ವ್ಯತ್ಯಾಸ ಇದೇ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 0.8ರಷ್ಟು ಮಂದಿ ಈ ಕಾಯಿಲೆಯಿಂದ ಬಳಲುತ್ತಿದ್ದರು. 13ರಿಂದ 17 ವರ್ಷದವರಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇರುವವರ ಪ್ರಮಾಣ ಶೇ 7.3 ಎಂದು ಅದೇ ಸಮೀಕ್ಷೆ ಹೇಳಿತು. ಗೀಳು ಮನೋರೋಗದ ಬೇರು ಬಹಳಷ್ಟು ಸಂದರ್ಭಗಳಲ್ಲಿ ಬಾಲ್ಯದಲ್ಲೋ ಹರೆಯದಲ್ಲೋ ಇರುತ್ತದೆ. ಎಂದರೆ, ಓದು, ಗೆಳೆತನ, ಆತ್ಮವಿಶ್ವಾಸ ಎಲ್ಲವೂ ರೂಪುಗೊಳ್ಳುವ ವಯಸ್ಸಿನಲ್ಲಿಯೇ ಅದು ಬಂದು ಕೂರುತ್ತದೆ.

ಮಿದುಳಿನೊಳಗಿನ ಸುತ್ತು

ಗೀಳಿಗೆ ಯಂತ್ರದ ಚಿಕಿತ್ಸೆ ಎಂಬ ವಿಚಾರ ಎಲ್ಲಿಂದ ಬಂತು? ಹಣೆಯ ಹಿಂಭಾಗದ ಮಿದುಳಿನ ಹೊರಪದರ, ಒಳಗಿನ ಬೇಸಲ್ ಗ್ಯಾಂಗ್ಲಿಯಾ, ನಡುವಣ ಥಲಾಮಸ್ ಇವು ಒಂದಕ್ಕೊಂದು ಸಂದೇಶ ಕಳಿಸುತ್ತಾ ಒಂದು ಸುತ್ತಿನಂತೆ ಕೆಲಸ ಮಾಡುತ್ತವೆ. ‘ಏನೋ ತಪ್ಪಾಗಿದೆ’ ಎಂಬ ಎಚ್ಚರಿಕೆ ಏಳುವುದೂ, ‘ಸರಿ, ಮುಗಿಯಿತು’ ಎಂದು ಅದು ಆರುವುದೂ ಈ ಸುತ್ತಿನ ನೆರವಿನಿಂದಲೇ. ಗೀಳು ಮನೋರೋಗಿಗಳ ಮಿದುಳಿನ ಚಿತ್ರಣ ತೆಗೆದಾಗ ಈ ಸುತ್ತು ಅತಿಯಾಗಿ ಚುರುಕಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಗಂಟೆ ಬಾರಿಸುತ್ತಲೇ ಇರುತ್ತದೆ, ನಿಲ್ಲಿಸುವವರಿಲ್ಲ. ಔಷಧಿಯಿಂದಲೋ ಮನೋಚಿಕಿತ್ಸೆಯಿಂದಲೋ ರೋಗಿ ಸುಧಾರಿಸಿದಾಗ ಆ ಚುರುಕು ತಗ್ಗುವುದನ್ನೂ ಸಂಶೋಧಕರು ಕಂಡರು. ಹಾಗಾದರೆ ಹೊರಗಿನಿಂದ ನೇರವಾಗಿ ಈ ಸುತ್ತನ್ನೇ ಮುಟ್ಟಿದರೆ ಹೇಗೆ ಎಂಬ ಆಲೋಚನೆ ಹುಟ್ಟಿದ್ದು ಸಹಜ.

ಹಾಗೆ ಮುಟ್ಟುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಟಿಎಂಎಸ್. ತಲೆಯ ಮೇಲೆ ತಂತಿಯ ಸುರುಳಿಯನ್ನಿಟ್ಟು ಅದರಲ್ಲಿ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹರಿಸಿ ನಿಲ್ಲಿಸಿದರೆ ಬದಲಾಗುವ ಅಯಸ್ಕಾಂತ ಕ್ಷೇತ್ರ ಉಂಟಾಗುತ್ತದೆ. ಅದು ತಲೆಬುರುಡೆಯನ್ನು ದಾಟಿ ಮಿದುಳಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಎಬ್ಬಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಮೊದಲಿಗೆ ಮಾಡಿ ತೋರಿಸಿದರು. ಇದರಲ್ಲಿ ಅರಿವಳಿಕೆ ಬೇಕಿಲ್ಲ, ಕೊಯ್ತವಿಲ್ಲ. ಎರಡನೆಯದು ಟಿಡಿಸಿಎಸ್. ನೆತ್ತಿಯ ಮೇಲೆ ಒದ್ದೆ ಸ್ಪಂಜಿನ ತುಂಡುಗಳನ್ನಿಟ್ಟು ಒಂದೆರಡು ಮಿಲಿ ಆಂಪಿಯರ್‌ನಷ್ಟು ಮೆಲುವಾದ ವಿದ್ಯುತ್ತನ್ನು ಹರಿಸುವ ವಿಧಾನ. ಮೂರನೆಯದು ಡಿಬಿಎಸ್. ಇದು ಶಸ್ತ್ರಚಿಕಿತ್ಸೆ. ತಲೆಬುರುಡೆಯಲ್ಲಿ ರಂಧ್ರ ಕೊರೆದು ಕೂದಲೆಳೆಯಂಥ ಎಲೆಕ್ಟ್ರೋಡುಗಳನ್ನು ಮಿದುಳಿನ ಆಳಕ್ಕೆ ಇಳಿಸಿ, ಎದೆಯ ಚರ್ಮದಡಿ ಹುದುಗಿಸಿದ ಬ್ಯಾಟರಿಯಿಂದ ನಿರಂತರವಾಗಿ ಪ್ರಚೋದನೆ ಕೊಡಲಾಗುತ್ತದೆ.

ಫಲಿತಾಂಶ ಏನು ಹೇಳುತ್ತದೆ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಆಗಸ್ಟ್‌ನಲ್ಲಿ ಗೀಳು ಮನೋರೋಗಕ್ಕೆ ಟಿಎಂಎಸ್‌ನ ಒಂದು ಬಗೆಯನ್ನು ಒಪ್ಪಿತು. ಅದಕ್ಕೆ ಆಧಾರವಾದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. 11 ಕೇಂದ್ರಗಳ 99 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಪ್ರಚೋದನೆ, ಉಳಿದವರಿಗೆ ಹುಸಿ ಪ್ರಚೋದನೆ ಕೊಡಲಾಗಿತ್ತು. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. ಆರು ವಾರಗಳ ಬಳಿಕ ನಿಜವಾದ ಪ್ರಚೋದನೆ ಪಡೆದವರಲ್ಲಿ ಶೇ 38.1 ಮಂದಿ, ಹುಸಿ ಪ್ರಚೋದನೆ ಪಡೆದವರಲ್ಲಿ ಶೇ 11.1 ಮಂದಿ ಸುಧಾರಿಸಿದ್ದರು.

ಇದು ಆಶಾದಾಯಕ ಅಂತರ, ಅನುಮಾನವಿಲ್ಲ. ಆದರೆ ‘ಸುಧಾರಣೆ’ ಎಂದರೆ ಇಲ್ಲಿ ರೋಗದ ತೀವ್ರತೆಯನ್ನು ಅಳೆಯುವ ಅಂಕಗಳಲ್ಲಿ ಕನಿಷ್ಠ ಶೇ 30ರಷ್ಟು ಇಳಿಕೆ. ನಲವತ್ತಕ್ಕೆ ಇಪ್ಪತ್ತೆಂಟು ಅಂಕದಷ್ಟು ಬಳಲುತ್ತಿದ್ದವರು ಇಪ್ಪತ್ತಕ್ಕಿಂತ ಕೆಳಗಿಳಿದರೆ ಅದೂ ಸುಧಾರಣೆಯೇ. ಬದುಕು ಹಗುರವಾಗುವುದು ನಿಜ, ರೋಗ ಹೋಗಿಬಿಟ್ಟಿತೆಂದಲ್ಲ. ಇಷ್ಟಾದರೂ ಹತ್ತರಲ್ಲಿ ಆರು ಮಂದಿಗೆ ಆ ಅವಧಿಯಲ್ಲಿ ಅಷ್ಟು ಪ್ರಯೋಜನವೂ ಆಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಪ್ರಯೋಗದಲ್ಲಿ ಭಾಗವಹಿಸಿದವರೆಲ್ಲರೂ 22 ವರ್ಷ ದಾಟಿದವರು. ವೈದ್ಯಕೀಯ ಉಪಕರಣಗಳ ವಿಷಯದಲ್ಲಿ ಎಫ್‌ಡಿಎ 22 ತುಂಬದವರನ್ನು ಮಕ್ಕಳ ಗುಂಪಿಗೇ ಸೇರಿಸುತ್ತದೆ. ಹೀಗಾಗಿ 2018ರ ಒಪ್ಪಿಗೆಯ ಚೀಟಿಯಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಹುಡುಗನ ಹೆಸರಿಲ್ಲ. 2024ರ ಮಾರ್ಚ್‌ನಲ್ಲಿ 15ರಿಂದ 21 ವರ್ಷದವರಿಗೆ ಟಿಎಂಎಸ್ ಬಳಸಲು ಅದೇ ಸಂಸ್ಥೆ ಒಪ್ಪಿತಾದರೂ ಅದು ಖಿನ್ನತೆಗೆ, ಗೀಳಿಗಲ್ಲ. ಎರಡನ್ನೂ ಒಂದೇ ಜಾಹೀರಾತಿನಲ್ಲಿ ಬೆರೆಸಿ ಹೇಳಿದರೆ ಓದುವವರು ಎಚ್ಚರದಿಂದಿರಬೇಕು.

ಟಿಡಿಸಿಎಸ್‌ನ ಕಥೆ ಇನ್ನೂ ಎಳಸು. ನಿಮ್ಹಾನ್ಸ್‌ನ ಸಂಶೋಧಕರು ಔಷಧಿಗೆ ಬಗ್ಗದ 25 ಗೀಳು ಮನೋರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಹುಸಿ ಪ್ರಚೋದನೆಗಿಂತ ನಿಜವಾದದ್ದು ಮೇಲೆಂದು ತೋರಿಸಿತು. ನಮ್ಮ ನಗರದಲ್ಲೇ ಇಂಥ ಕೆಲಸ ನಡೆದಿರುವುದು ಹೆಮ್ಮೆಯ ಸಂಗತಿ. ಆದರೂ 25 ಎಂಬುದು ಸಣ್ಣ ಸಂಖ್ಯೆ. ಅದರಿಂದ ಮಕ್ಕಳ ಬಗ್ಗೆ ತೀರ್ಮಾನ ಹೇಳಲಾಗದು.

ಡಿಬಿಎಸ್ ಅನ್ನು ಗೀಳಿಗೆ ಬಳಸಿದ ಮೊದಲ ವರದಿ ಬೆಲ್ಜಿಯಂನಿಂದ 1999ರಲ್ಲಿ ಬಂತು. 2009ರಲ್ಲಿ ಎಫ್‌ಡಿಎ ಇದಕ್ಕೆ ‘ಮಾನವೀಯ ವಿನಾಯಿತಿ’ ಎಂಬ ವಿಶೇಷ ಅನುಮತಿ ಕೊಟ್ಟಿತು. 18 ದಾಟಿದ, ಕನಿಷ್ಠ ಮೂರು ಔಷಧಿಗಳಿಗೆ ಬಗ್ಗದ, ತೀವ್ರ ರೋಗಿಗಳಿಗೆ ಮಾತ್ರ ಎಂಬ ಕಟ್ಟುಪಾಡಿನೊಂದಿಗೆ. ಹೀಗೆ ಆಯ್ದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಗಮನಾರ್ಹ ಉಪಕಾರ ಮಾಡಿರುವುದೂ ದಾಖಲಾಗಿದೆ. ಮಕ್ಕಳ ಮಿದುಳಿಗೆ ಎಲೆಕ್ಟ್ರೋಡು ಇಳಿಸಿದ್ದೇ ಇಲ್ಲವೆಂದೂ ತಿಳಿಯಬೇಕಿಲ್ಲ. ಸ್ನಾಯುಗಳು ತಿರುಚಿಕೊಳ್ಳುವ ಡಿಸ್ಟೋನಿಯಾ ಎಂಬ ಕಾಯಿಲೆಗೆ ಏಳು ವರ್ಷ ದಾಟಿದ ಮಕ್ಕಳಲ್ಲೂ ಇದಕ್ಕೆ 2003ರಿಂದ ಅನುಮತಿಯಿದೆ. ಪ್ರಶ್ನೆ ಇರುವುದು ವಯಸ್ಸಿನದು ಮಾತ್ರವಲ್ಲ. ಯಾವ ರೋಗಕ್ಕೆ, ಯಾವ ಹಂತದಲ್ಲಿ ಎಂಬುದೂ ಅಷ್ಟೇ ಮುಖ್ಯ.

ಮಗು ಎಂದರೆ ಪುಟ್ಟ ದೊಡ್ಡವನಲ್ಲ

ಹರೆಯದವರ ವಿಷಯದಲ್ಲಿ ಈ ಹಿಂಜರಿಕೆ ಏಕೆ? ಮೊದಲ ಕಾರಣ ಬೆಳವಣಿಗೆ. ವಿವೇಚನೆ, ಸಂಯಮಗಳಿಗೆ ಆಧಾರವಾದ ಮುಂಭಾಗದ ಮಿದುಳು ಪೂರ್ತಿ ಹದಗೊಳ್ಳುವುದು ಇಪ್ಪತ್ತರ ನಂತರವೇ. ಗೀಳಿಗಾಗಿ ನಾವು ಪ್ರಚೋದಿಸಹೊರಟಿರುವುದೂ ಬಹುಮಟ್ಟಿಗೆ ಅದೇ ಭಾಗವನ್ನು. ಇನ್ನೂ ಕಟ್ಟುತ್ತಿರುವ ಮನೆಯ ತಂತಿಗಳನ್ನು ಬದಲಿಸುವವರಿಗೆ ಕಟ್ಟಿ ಮುಗಿದ ಮನೆಯಲ್ಲಿ ಬೇಕಾಗುವುದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಎರಡನೆಯದು ಪ್ರಮಾಣ. ಮಗುವಿನ ತಲೆಬುರುಡೆ ತೆಳು. ನೆತ್ತಿಗೂ ಮಿದುಳಿಗೂ ಇರುವ ಅಂತರ ಕಡಿಮೆ. ದೊಡ್ಡವರಿಗೆಂದು ಲೆಕ್ಕ ಹಾಕಿದಷ್ಟೇ ವಿದ್ಯುತ್ತು ಮಗುವಿನ ಮಿದುಳಿನಲ್ಲಿ ಹೆಚ್ಚು ಪ್ರಬಲವಾಗಬಹುದು. ಟಿಎಂಎಸ್‌ನ ಅತಿ ಗಂಭೀರ ಅಡ್ಡಪರಿಣಾಮವಾದ ಸೆಳವು ಬಹಳ ವಿರಳವೇನೋ ನಿಜ. ಆದರೆ ನಿದ್ದೆಗೆಡುವುದು ಅದರ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಮತ್ತು ಪರೀಕ್ಷೆಯ ಕಾಲದಲ್ಲಿ ನಿದ್ದೆಗೆಡದ ವಿದ್ಯಾರ್ಥಿಯನ್ನು ಹುಡುಕುವುದು ಕಷ್ಟ.

ಮೂರನೆಯ ಕಾರಣ ಹೆತ್ತವರಿಗೆ ಧೈರ್ಯ ತರುವಂಥದ್ದು. ಬಾಲ್ಯದಲ್ಲಿ ಆರಂಭವಾದ ಗೀಳು ಮನೋರೋಗ ಜೀವನಪರ್ಯಂತ ಉಳಿಯಲೇಬೇಕೆಂದಿಲ್ಲ. ಇಂಥ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ರೋಗ ಪೂರ್ಣರೂಪದಲ್ಲಿ ಉಳಿದುಕೊಂಡಿದ್ದು ಶೇ 41 ಮಂದಿಯಲ್ಲಿ ಮಾತ್ರ. ಎಷ್ಟೋ ಮಕ್ಕಳು ಇದರಿಂದ ಹೊರಬರುತ್ತಾರೆ. ಹಾಗಿರುವಾಗ ಹದಿನಾರರ ಹುಡುಗಿಯ ತಲೆಬುರುಡೆ ಕೊರೆಯುವ ಮಾತನ್ನು ಹಗುರವಾಗಿ ಆಡಲಾಗದು.

ಆದರೆ ಇದೇ ಮಾತನ್ನು ಹಿಡಿದು ‘ಬೆಳೆದ ಮೇಲೆ ತಾನಾಗಿ ಸರಿಹೋಗುತ್ತದೆ’ ಎಂದು ಕೈಕಟ್ಟಿ ಕೂರುವುದೂ ತಪ್ಪು. ಕಾಯುವುದಕ್ಕೂ ಬೆಲೆಯಿದೆ. ದಿನಕ್ಕೆ ಆರು ಗಂಟೆ ಬಚ್ಚಲಿನಲ್ಲಿ ಕಳೆಯುವ ಹುಡುಗ ಎರಡು ವರ್ಷ ಶಾಲೆ ತಪ್ಪಿಸಿಕೊಂಡರೆ ಆ ಎರಡು ವರ್ಷಗಳನ್ನು ಯಾವ ಔಷಧಿಯೂ ಹಿಂದಿರುಗಿಸದು. ಎಲ್ಲ ಚಿಕಿತ್ಸೆಗಳನ್ನು ಪ್ರಾಮಾಣಿಕವಾಗಿ ಮಾಡಿಯೂ ನರಳುವ ಮಕ್ಕಳ ಸಣ್ಣ ಗುಂಪೊಂದು ಇದ್ದೇ ಇದೆ. ‘ನಿನಗೆ ಹದಿನೆಂಟು ತುಂಬಲಿ’ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ಅವರಿಗಾಗಿ ಹರೆಯದವರಲ್ಲೇ ಶಿಸ್ತಿನ ಪ್ರಯೋಗಗಳು ನಡೆಯಬೇಕು. ಮಕ್ಕಳನ್ನು ರಕ್ಷಿಸುವ ಹೆಸರಿನಲ್ಲಿ ಅವರನ್ನು ಸಂಶೋಧನೆಯಿಂದಲೇ ದೂರವಿಟ್ಟರೆ, ಕೊನೆಗೆ ಅವರ ಮೇಲೆ ಪರೀಕ್ಷೆಯಿಲ್ಲದ ಚಿಕಿತ್ಸೆಯೇ ನಡೆಯುತ್ತದೆ.

ಮೊದಲ ಬಾಗಿಲು ಯಾವುದು?

ಈಗ ಮೊದಲು ಕೇಳಿದ ಎರಡನೆಯ ಪ್ರಶ್ನೆಗೆ ಬರೋಣ. ಗೀಳಿಗೆ ಪರಿಣಾಮಕಾರಿ ಚಿಕಿತ್ಸೆ ದಶಕಗಳಿಂದ ನಮ್ಮ ಕೈಯಲ್ಲಿದೆ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಅದಕ್ಕೆ ಅಡಿಪಾಯ ಹಾಕಿದರು. ಭಯಪಡುವ ವಸ್ತುವನ್ನು ರೋಗಿ ಹಂತಹಂತವಾಗಿ ಎದುರಿಸಬೇಕು, ಆದರೆ ಗೀಳಿನ ಕ್ರಿಯೆಯನ್ನು ಮಾಡದೆ ತಡೆಹಿಡಿಯಬೇಕು. ಬಾಗಿಲ ಹಿಡಿ ಮುಟ್ಟಿ, ಕೈ ತೊಳೆಯದೆ ಕೂರಬೇಕು. ತಳಮಳ ಏರುತ್ತದೆ, ಏರಿದ ಮೇಲೆ ನಿಧಾನವಾಗಿ ತಾನೇ ಇಳಿಯುತ್ತದೆ. ತೊಳೆಯದಿದ್ದರೂ ಏನೂ ಆಗಲಿಲ್ಲ ಎಂಬುದನ್ನು ಮಿದುಳು ಅನುಭವದಿಂದ ಕಲಿಯುತ್ತದೆ. ಇದಕ್ಕೆ ಬೇಕಾದದ್ದು ತರಬೇತಾದ ಚಿಕಿತ್ಸಕರು, ವಾರಕ್ಕೊಂದೆರಡು ಗಂಟೆ, ಮನೆಯವರ ಸಹಕಾರ. ವಿಶೇಷವೆಂದರೆ, ಮೇಲೆ ಹೇಳಿದ ಟಿಎಂಎಸ್ ಪ್ರಯೋಗದಲ್ಲೂ ಯಂತ್ರ ಚಾಲೂ ಮಾಡುವ ಮೊದಲು ಪ್ರತಿ ರೋಗಿಯ ಗೀಳನ್ನು ಬೇಕೆಂದೇ ಕೆರಳಿಸಲಾಗುತ್ತಿತ್ತು. ಭಯವನ್ನು ಮುಖಾಮುಖಿಯಾಗುವುದು ಅಲ್ಲಿಯೂ ತಪ್ಪಿಲ್ಲ.

ಅಮೆರಿಕದಲ್ಲಿ 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಚಿಕಿತ್ಸೆಯ ಬಲವನ್ನು ಸ್ಪಷ್ಟವಾಗಿ ತೋರಿಸಿತು. 12 ವಾರಗಳಲ್ಲಿ ರೋಗ ಬಹುತೇಕ ಶಮನವಾದವರು, ಮನೋಚಿಕಿತ್ಸೆ ಹಾಗೂ ಸರ್ಟ್ರಲೀನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇ 53.6, ಮನೋಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 39.3, ಮಾತ್ರೆ ಮಾತ್ರ ಪಡೆದವರಲ್ಲಿ ಶೇ 21.4, ಹುಸಿ ಮಾತ್ರೆ ಪಡೆದವರಲ್ಲಿ ಶೇ 3.6. ಈ ಅಂಕಿಗಳನ್ನು ಟಿಎಂಎಸ್‌ನ ಅಂಕಿಗಳ ಪಕ್ಕದಲ್ಲಿಟ್ಟು ಯಾವುದು ಮೇಲೆಂದು ತೂಗಲಾಗದು. ರೋಗಿಗಳೂ ಬೇರೆ, ಅಳತೆಯೂ ಬೇರೆ. ಆದರೆ ಒಂದು ಮಾತು ಖಚಿತ. ಮಕ್ಕಳಲ್ಲಿ ಪರೀಕ್ಷೆಗೊಳಪಟ್ಟು ಗೆದ್ದ ಚಿಕಿತ್ಸೆ ಈಗಾಗಲೇ ಇದೆ.

ಅದು ನಮ್ಮ ಮಕ್ಕಳಿಗೆ ಸಿಗುತ್ತಿದೆಯೇ? ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆಯುಳ್ಳವರಲ್ಲಿ, ಕಾಯಿಲೆಯನ್ನವಲಂಬಿಸಿ, ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ದೊಡ್ಡ ಊರುಗಳಲ್ಲಿ ಮನೋವೈದ್ಯರಿದ್ದಾರೆ, ಮಾತ್ರೆ ಬರೆದುಕೊಡುತ್ತಾರೆ. ಎದುರಿಸಿ ತಡೆಯುವ ಈ ಚಿಕಿತ್ಸೆಯನ್ನು ವಾರಗಟ್ಟಲೆ ಕುಳಿತು ಮಾಡಿಸುವವರು ವಿರಳ. ಮಾತ್ರೆಯ ವಿಷಯದಲ್ಲೂ ಅವಸರವಿದೆ. ಗೀಳಿಗೆ ಕೊಡುವ ಔಷಧಿ ಸರಿಯಾದ ಪ್ರಮಾಣದಲ್ಲಿ ಎಂಟರಿಂದ ಹನ್ನೆರಡು ವಾರ ನಡೆದರಷ್ಟೇ ಅದರ ಗುಣ ತಿಳಿಯುತ್ತದೆ. ಹದಿನೈದು ದಿನಕ್ಕೆ ಬಿಟ್ಟು ‘ಔಷಧಿ ಹಿಡಿಯಲಿಲ್ಲ’ ಎನ್ನುವವರು ಬಹಳ. ಈ ಗುಂಪಿನ ಔಷಧಿಗಳು ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆಯನ್ನು ಹೆಚ್ಚಿಸಬಹುದೆಂಬ ಎಚ್ಚರಿಕೆ 2004ರಿಂದ ಇದೆಯಾದ್ದರಿಂದ ಆರಂಭದ ವಾರಗಳಲ್ಲಿ ನಿಗಾ ಬೇಕು. ಹೀಗೆ ಸರಿಯಾದ ಔಷಧಿಯೂ ಸಿಗದ, ಮನೋಚಿಕಿತ್ಸೆಯೂ ಸಿಗದ ಮಗುವಿಗೆ ‘ಚಿಕಿತ್ಸೆಗೆ ಬಗ್ಗದ ರೋಗ’ ಎಂಬ ಹಣೆಪಟ್ಟಿ ಹಚ್ಚಿ ಯಂತ್ರದ ಮುಂದೆ ಕೂರಿಸಿದರೆ ಬಗ್ಗದಿರುವುದು ರೋಗವಲ್ಲ, ನಮ್ಮ ವ್ಯವಸ್ಥೆ.

ಚಿಕಿತ್ಸಕರ ಕೊರತೆ ನೀಗಲಾಗದ್ದೇನಲ್ಲ. ಸ್ವೀಡನ್ನಿನಲ್ಲಿ 8ರಿಂದ 17 ವರ್ಷದ 152 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲು ಅಂತರ್ಜಾಲದ ಮೂಲಕ ಚಿಕಿತ್ಸಕರ ಮಾರ್ಗದರ್ಶನದಲ್ಲಿ ಇದೇ ಚಿಕಿತ್ಸೆಯನ್ನು ಕೊಟ್ಟು, ಸಾಲದಿದ್ದವರಿಗೆ ಮಾತ್ರ ಮುಖತಃ ಕೊಡುವ ಕ್ರಮ, ಎಲ್ಲರಿಗೂ ಮುಖತಃ ಕೊಡುವ ಕ್ರಮಕ್ಕೆ ಹಿಂದೆ ಬೀಳಲಿಲ್ಲ. ಮನೆಮನೆಗೆ ಮೊಬೈಲು ತಲುಪಿರುವ ನಾಡಿನಲ್ಲಿ ಕನ್ನಡದಲ್ಲೇ ಇಂಥದ್ದೊಂದನ್ನು ರೂಪಿಸಲು ಬೇಕಾಗಿರುವುದು ಮನಸ್ಸು.

ಒಪ್ಪಿಗೆ ಯಾರದು?

ಮಕ್ಕಳ ಮಿದುಳಿನ ವಿಷಯದಲ್ಲಿ ಇತಿಹಾಸ ನಮಗೊಂದು ಕಹಿ ಪಾಠ ಕಲಿಸಿದೆ. ಮನೋರೋಗಗಳಿಗಾಗಿ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು 1935ರಲ್ಲಿ ಆರಂಭಿಸಿದ ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಮೆರಿಕದ ವಾಲ್ಟರ್ ಫ್ರೀಮನ್ ಅದನ್ನೇ ಊರೂರಿಗೆ ಒಯ್ದ. 1960ರ ಡಿಸೆಂಬರ್‌ನಲ್ಲಿ ಅವನು ಕಣ್ಣಗುಳಿಯ ಮೂಲಕ ಸಲಾಕೆ ತೂರಿಸಿ ಮಿದುಳು ಕತ್ತರಿಸಿದವರಲ್ಲಿ ಹೊವರ್ಡ್ ಡಲ್ಲಿ ಎಂಬ ಹನ್ನೆರಡು ವರ್ಷದ ಹುಡುಗನೂ ಇದ್ದ. ಹುಡುಗ ಹೇಳಿದ ಮಾತು ಕೇಳುವುದಿಲ್ಲ ಎಂಬುದು ಮಲತಾಯಿಯ ದೂರು. ಒಪ್ಪಿಗೆ ಕೊಟ್ಟವರು ಹೆತ್ತವರು. ಬದುಕುಳಿದ ಆ ಹುಡುಗ ದಶಕಗಳ ಬಳಿಕ, 2007ರಲ್ಲಿ, ತನ್ನ ಕಥೆಯನ್ನು ಪುಸ್ತಕವಾಗಿ ಲೋಕದ ಮುಂದಿಟ್ಟ. ಇಂದಿನ ಪ್ರಚೋದನೆಯ ವಿಧಾನಗಳನ್ನು ಆ ಕ್ರೌರ್ಯದೊಂದಿಗೆ ಸಮೀಕರಿಸುವುದು ಅನ್ಯಾಯ. ಇವು ಪರೀಕ್ಷೆಗೊಳಗಾದ, ಬೇಕೆಂದಾಗ ನಿಲ್ಲಿಸಬಹುದಾದ ವಿಧಾನಗಳು. ಆದರೆ ದಣಿದ ಹೆತ್ತವರು, ಆತ್ಮವಿಶ್ವಾಸದ ವೈದ್ಯ, ಮಾತಿಗೆ ಅವಕಾಶವಿಲ್ಲದ ಮಗು ಒಂದೇ ಕೋಣೆಯಲ್ಲಿ ಸೇರಿದಾಗ ಏನಾಗಬಹುದೆಂಬುದನ್ನು ಮರೆಯಬಾರದು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ಒಂದು ಮಟ್ಟಿಗೆ ಮನಗಂಡಿದೆ. ಅದರ 95ನೇ ಸೆಕ್ಷನ್ ಹದಿನೆಂಟರ ಒಳಗಿನವರಿಗೆ ವಿದ್ಯುತ್ ಕಂಪನ ಚಿಕಿತ್ಸೆಯನ್ನು ನಿಷೇಧಿಸುತ್ತದೆ. ಅಗತ್ಯವೇ ಎಂದು ಮನೋವೈದ್ಯರು ಅಭಿಪ್ರಾಯಪಟ್ಟರೆ ಪೋಷಕರ ಒಪ್ಪಿಗೆಯ ಜತೆಗೆ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು. 96ನೇ ಸೆಕ್ಷನ್ ಪ್ರಕಾರ ಮನೋರೋಗಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಲು ರೋಗಿಯ ಒಪ್ಪಿಗೆ ಹಾಗೂ ಮಂಡಳಿಯ ಅನುಮೋದನೆ ಎರಡೂ ಅಗತ್ಯ. ಆದರೆ ಟಿಎಂಎಸ್, ಟಿಡಿಸಿಎಸ್‌ಗಳ ಹೆಸರು ಕಾಯ್ದೆಯಲ್ಲಿಲ್ಲ. ಅವುಗಳನ್ನು ವಿದ್ಯುತ್ ಕಂಪನದಷ್ಟು ಬಿಗಿಯಾಗಿ ಕಟ್ಟಿಹಾಕಬೇಕಿಲ್ಲ, ನಿಜ. ಹಾಗೆಂದು ಯಂತ್ರ ಕೊಂಡವರೆಲ್ಲ ಮಕ್ಕಳ ತಲೆಗೆ ಅದನ್ನಿಡಬಹುದು ಎಂದೂ ಆಗಬಾರದು. ಹರೆಯದವರಿಗೆ ಇವನ್ನು ಬಳಸುವ ಮುನ್ನ ಯಾವ ಚಿಕಿತ್ಸೆಗಳು ಮುಗಿದಿರಬೇಕು, ಯಾರು ಎರಡನೆಯ ಅಭಿಪ್ರಾಯ ಕೊಡಬೇಕು, ಫಲಿತಾಂಶವನ್ನು ಎಲ್ಲಿ ದಾಖಲಿಸಬೇಕು ಎಂಬ ಸ್ಪಷ್ಟ ಮಾರ್ಗಸೂಚಿ ಅಗತ್ಯ. ಮಗುವಿನ ಒಪ್ಪಿಗೆಗೆ ಕಾನೂನಿನಲ್ಲಿ ತೂಕ ಕಡಿಮೆಯಿದ್ದರೂ ಚಿಕಿತ್ಸೆಯಲ್ಲಿ ತೂಕ ಹೆಚ್ಚು. ತನ್ನ ತಲೆಗೆ ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ, ಬೇಡವೆಂದರೆ ನಿಲ್ಲಿಸುತ್ತಾರೆಯೇ ಎಂಬುದು ಹದಿನೈದರ ಹುಡುಗನಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಯಬೇಕು.

ಹೆತ್ತವರು ಕೇಳಬೇಕಾದ್ದು

ಪ್ರಚೋದನಾ ಚಿಕಿತ್ಸೆಯ ಸಲಹೆ ಬಂದಾಗ ಹೆತ್ತವರು ಸಂಕೋಚಪಡದೆ ನಾಲ್ಕು ಮಾತು ಕೇಳಬೇಕು. ನನ್ನ ಮಗುವಿಗೆ ಎದುರಿಸಿ ತಡೆಯುವ ಮನೋಚಿಕಿತ್ಸೆ ಪೂರ್ಣವಾಗಿ ನಡೆದಿದೆಯೇ? ಔಷಧಿಗಳು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ನಡೆದಿವೆಯೇ? ಈ ವಿಧಾನ ಇದೇ ವಯಸ್ಸಿನ, ಇದೇ ರೋಗದ ಮಕ್ಕಳಲ್ಲಿ ಪರೀಕ್ಷೆಯಾಗಿದೆಯೇ, ಅಥವಾ ದೊಡ್ಡವರ ಲೆಕ್ಕವನ್ನೇ ಹೇಳುತ್ತಿದ್ದೀರಾ? ಫಲ ಕಾಣದಿದ್ದರೆ ಮುಂದೇನು? ಈ ಪ್ರಶ್ನೆಗಳಿಗೆ ಸಿಡುಕದೆ ಉತ್ತರಿಸುವ ವೈದ್ಯರನ್ನು ನಂಬಬಹುದು. ಹಣದ ಮಾತೂ ಬೇಕು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಸಾಲ ಮಾಡುವ ಮೊದಲು ವಿಮೆಯವರನ್ನು ಕೇಳಿ ನೋಡುವುದು ಒಳ್ಳೆಯದು.

ಮನೆಯೊಳಗೆ ಇಂದೇ ಆರಂಭಿಸಬಹುದಾದ ಕೆಲಸವೂ ಒಂದಿದೆ. ಮಗುವಿನ ಸಂಕಟ ನೋಡಲಾರದೆ ನಾವೇ ಅದರ ಗೀಳಿಗೆ ಕೈಜೋಡಿಸುತ್ತೇವೆ. ಅದರ ಪರವಾಗಿ ಬಾಗಿಲು ತೆರೆಯುತ್ತೇವೆ, ಬಟ್ಟೆಯನ್ನು ಮೂರು ಸಲ ಒಗೆಯುತ್ತೇವೆ, ‘ಏನೂ ಆಗಲ್ಲ’ ಎಂದು ದಿನಕ್ಕೆ ಐವತ್ತು ಸಲ ಹೇಳುತ್ತೇವೆ. ಆ ಹೊತ್ತಿಗೆ ಶಾಂತಿ ಸಿಗುತ್ತದೆ, ರೋಗ ಬಲಿಯುತ್ತದೆ. ಬೈಯುವುದರಿಂದಲೂ ಪ್ರಯೋಜನವಿಲ್ಲ. ಈ ಸಹಾಯವನ್ನು ಹೇಗೆ ಮೆಲ್ಲಮೆಲ್ಲನೆ ಹಿಂತೆಗೆಯಬೇಕೆಂಬುದನ್ನು ಚಿಕಿತ್ಸಕರಿಂದ ಕಲಿಯಬೇಕು. ಎಲ್ಲಿಂದ ಆರಂಭಿಸಬೇಕೆಂದು ತೋಚದವರಿಗೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಿದೆ, ಸಂಖ್ಯೆ 14416. ನಿಮ್ಹಾನ್ಸ್‌ನಲ್ಲಿ ಗೀಳು ಮನೋರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.

ಮಿದುಳಿನ ಪ್ರಚೋದನೆಯ ವಿಜ್ಞಾನ ಮುಂದುವರಿಯಲಿ, ನಮ್ಮ ಹರೆಯದವರಿಗೂ ಅದರ ಫಲ ಒಂದು ದಿನ ಖಚಿತವಾಗಿ ದೊರಕಲಿ. ಆ ದಿನಕ್ಕಾಗಿ ಶಿಸ್ತಿನ ಪ್ರಯೋಗಗಳಿಗೆ ಹಣ, ಸಮಯ, ತಾಳ್ಮೆ ಕೊಡಬೇಕಾದವರು ನಾವು. ಅಲ್ಲಿಯವರೆಗೆ, ರಾತ್ರಿ ಹನ್ನೊಂದಕ್ಕೆ ನಲ್ಲಿಯ ಮುಂದೆ ನಿಂತ ಆ ಹುಡುಗನಿಗೆ ಮೊದಲು ಸಲ್ಲಬೇಕಾದ್ದು, ಅವನ ಪಕ್ಕದಲ್ಲಿ ನಿಂತು ‘ಈ ಸಲ ತೊಳೆಯದೆ ಐದು ನಿಮಿಷ ಇರೋಣ, ನಾನಿದ್ದೇನೆ’ ಎನ್ನಬಲ್ಲ ತರಬೇತಾದ ಒಬ್ಬ ಮನುಷ್ಯ. ಅಂಥವರನ್ನು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಕೂರಿಸುವ ಮೊದಲೇ ಯಂತ್ರಗಳ ಸಂಖ್ಯೆ ಹೆಚ್ಚಿಸಿಕೊಂಡು ಹೋದರೆ, ನಮ್ಮ ಆದ್ಯತೆಗಳು ತಲೆಕೆಳಗಾಗಿವೆ ಎಂದೇ ಅರ್ಥ.